ಮಳೆ ಅಳೆಯುವುದು ಮಾವನಿಗೆ, ಫೈಲ್ ಓಡಾಟ ಮೈದುನನಿಗೆ: ನನ್ನ ಅನುಭವ

"ಸೊಸೆ ಈ ಮನೆ ಒಡೀತಾಳೆ" ಅಂತ ನೆಂಟರು ಮುಖಕ್ಕೇ ಹೇಳಿದ್ದರು. ದುಃಖದಲ್ಲಿದ್ದ ಮನೆಯವರನ್ನು ಒಟ್ಟಿಗೆ ಕೂರಿಸುವುದು ಬಿಟ್ಟು ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತು ಹಂಚಿದ್ದಕ್ಕೆ ಆ ಮಾತು. ಒಡೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ನಮ್ಮ ಮನೆ, ಕಣ, ಸುಮಾರು ಮೂರು ಎಕರೆ ಕಾಫಿ ಹೋಯಿತು. ಕುಶಾಲನಗರದಲ್ಲಿ ಬಾಡಿಗೆ ಮನೆ ಹಿಡಿದೆವು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಅಜ್ಜಿಯೂ ತೀರಿಕೊಂಡರು. ಎರಡು ಕೋಣೆ, ಆರು ಜನ. ಮಾವ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಗ್ಯಾಸ್ ತರುವ ಹುಡುಗನನ್ನೂ ನಿಲ್ಲಿಸಿಕೊಂಡು ಆ ರಾತ್ರಿಯ ಕತೆ ಹೇಳುತ್ತಿದ್ದರು. ಮೈದುನ ಪರಿಹಾರದ ಫೈಲ್ ಹಿಡಿದು ದಿನಾ ಮಡಿಕೇರಿಗೆ. ನನ್ನ ಗಂಡ ರಾತ್ರಿ ಹನ್ನೊಂದಕ್ಕೆ ಜೀಪು ತೊಳೆಯುತ್ತಿದ್ದರು. ಮಗಳು ಮಳೆ ಬಂದರೆ ಮಂಚದ ಕೆಳಗೆ.

ಒಟ್ಟಿಗೆ ಕೂತು ಅತ್ತುಬಿಡಿ, ಹಗುರಾಗುತ್ತೆ ಅಂತ ಎಲ್ಲರೂ ಹೇಳಿದರು. ಭಾನುವಾರ ಸಂಜೆ ಕೂರಿಸಿ ನೋಡಿದೆವು. ಅತ್ತೆ ಶುರು ಮಾಡಿದರೆ ಮಾವ ಕೊಡೆಯೂ ಇಲ್ಲದೆ ಮಳೆಯಲ್ಲೇ ಎದ್ದು ಹೋಗುತ್ತಿದ್ದರು. ಮೈದುನ ಎಕರೆಗೆ ಎಷ್ಟು ಸಿಗಬಹುದು ಅಂದರೆ ಸಾಕು, "ನಿಂಗೆ ದುಡ್ಡೇ ದೊಡ್ಡದಾಯ್ತಾ" ಅಂತ ಅತ್ತೆಯ ಅಳು. ಅವನಿಗೂ ಸಂಕಟ ಇತ್ತು. ಓಡಾಡಿದರೆ ಮಾತ್ರ ರಾತ್ರಿ ನಿದ್ದೆ ಬರುತ್ತಿತ್ತು. ಮೈಸೂರಿಗೆ ಕೌನ್ಸೆಲಿಂಗ್‌ಗೂ ಕರೆದುಕೊಂಡು ಹೋದೆವು. ಕಾರು, ಫೀಸು ಸೇರಿ ಒಂದು ಸಲಕ್ಕೆ ನಾಲ್ಕು ಸಾವಿರದ ಹತ್ತಿರ. ಅತ್ತೆಗೆ ತುಂಬಾ ಒಳ್ಳೆಯದಾಯಿತು. ಮಾವ ಒಂದು ಮಾತೂ ಆಡದೆ ವಾಪಸ್ ಬಂದರು.

ಕೊನೆಗೆ ಒಟ್ಟಿಗೆ ಕೂರಿಸುವುದನ್ನೇ ನಿಲ್ಲಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಒಂದೊಂದು ಜಾಗ. ಪರಿಹಾರದ ಮಾತು ಅಡುಗೆಮನೆಗೆ ಬರಬಾರದು. ಊಟ ಆದಮೇಲೆ ಜಗಲಿಯಲ್ಲಿ ಅರ್ಧ ಗಂಟೆ, ಬೇಕಾದವರು ಮಾತ್ರ. ಮೈದುನನ ಪೆಟ್ರೋಲ್‌ಗೆ ತಿಂಗಳಿಗೆ ಎರಡು ಸಾವಿರದಷ್ಟು ಎತ್ತಿಡುತ್ತಿದ್ದೆ. "ಅತ್ತಿಗೆ, ಇದು ದಂಡ ಖರ್ಚು" ಅಂತ ಅವನೇ ಅಂದ. ಆದರೂ ಇಟ್ಟೆ. ಸಂಜೆ ನಾಲ್ಕರ ಕಾಫಿ ಹೊತ್ತು ಅತ್ತೆಯದು. ಅದೇ ಕತೆ. ಒಂದು ದಿನ ಮೊದಲು ಕೂಗಿದ್ದು ಹಸು, ಇನ್ನೊಂದು ದಿನ ನಾಯಿ. ತಿದ್ದಬಾರದು. ತಿದ್ದಿದರೆ ಮತ್ತೆ ಮೊದಲಿಂದ ಶುರು. ಈ ವಿದ್ಯೆಯಲ್ಲಿ ನಮ್ಮ ಕಡೆ ನನ್ನಷ್ಟು ಪಳಗಿದವರು ಕಡಿಮೆ ಅಂತ ಧೈರ್ಯವಾಗಿ ಹೇಳುತ್ತೇನೆ.

"ಇದೇನು ಮನೆಯೋ ಲಾಡ್ಜೋ" ಅಂದರು ಅತ್ತೆಯ ತಂಗಿ.

ಮಾವನ ವಿಷಯವೇ ಕಷ್ಟದ್ದು. ಅವರ ಹಳೆಯ ಮಳೆಮಾಪಕ ಮನೆಯ ಜೊತೆಗೇ ಹೋಗಿತ್ತು. ಹೊಸದು ತಂದೆ, ಎಂಟುನೂರೋ ಒಂಬೈನೂರೋ. ವಾರಗಟ್ಟಲೆ ಮುಟ್ಟಲಿಲ್ಲ. ಹೇಗೆ ಮುಟ್ಟಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮಾವನೂ ಇದನ್ನು ಓದುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ ಎಂಟೂವರೆಗೆ ಕನ್ನಡಕ ಹಣೆಗೇರಿಸಿ, ಅಳತೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, "ಒಂದು ಇಂಚು ನಲವತ್ತು ಸೆಂಟ್ಸ್" ಅನ್ನುತ್ತಿದ್ದರು (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ). ಇಡೀ ದಿನಕ್ಕೆ ಅಷ್ಟೇ ಮಾತು. ನನಗೆ ಅಷ್ಟು ಸಾಕಿತ್ತು. ಬರೆದುಕೊಳ್ಳಲು ಮಗಳನ್ನು ಕೂರಿಸಿದ್ದು ಸುಮ್ನೆ ಒಂದು ಪ್ರಯೋಗ. ಇವತ್ತಿನ ಮಳೆ ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ ಅಂತ ತಾನೇ ನೋಡತೊಡಗಿದ ಮೇಲೆ ಅವಳು ಮಂಚದ ಕೆಳಗೆ ಹೋಗುವುದು ನಿಂತಿತು. ಅತ್ತೆಗೂ ಒಂದು ನೋಟ್‌ಬುಕ್ ಕೊಟ್ಟೆ. ಹಾಲಿನ ಲೆಕ್ಕಕ್ಕೆ ಬಂತು.

2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಗುಡ್ಡ ಕುಸಿದ ಸುದ್ದಿ ಬಂತು. ನನಗೆ ಕೈಕಾಲು ತಣ್ಣಗಾಯಿತು. ಅತ್ತೆ ತಂಗಿಗೆ ಫೋನ್ ಮಾಡಿ ಮನಸಾರೆ ಅತ್ತರು. ಮೈದುನ ಪರಿಹಾರ ಕೇಂದ್ರಕ್ಕೆ ಅಕ್ಕಿ ಮೂಟೆ ಹೇರಿಕೊಂಡು ಹೊರಟ. ಮಾವ ಮೊಮ್ಮಗಳನ್ನು ಕರೆದು "ಬಾ, ಅಳೆಯೋಣ" ಅಂದರು. ನಿನಗೆ ಏನೂ ಅನ್ನಿಸಲ್ವಾ ಅಂತ ಆ ದಿನ ಯಾರೂ ಯಾರನ್ನೂ ಕೇಳಲಿಲ್ಲ. ಅತ್ತೆಯ ತಂಗಿ ಈಗ ತಮ್ಮ ಮನೆಯಲ್ಲೂ ಹೀಗೇ ಹೊತ್ತು ಹಂಚಿದ್ದಾರೆ.

ದುಡ್ಡಿನ ಮಾತು ಒಂದು ಉಳಿಯಿತು. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮೈದುನ ಮನೆಯಲ್ಲಿ ಆಡದ ಮಾತನ್ನು ಅಲ್ಲಿ ಆಡಿದ್ದಾನೆ. ಕಾರು ಮಾಡಿಕೊಂಡು ದೂರ ಹೋಗುವ ಮೊದಲು ಅದಕ್ಕೊಂದು ಫೋನ್ ಮಾಡಿ ನೋಡಿ. ಇನ್ನು ಹುತ್ತರಿ ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೇ ಕೂರಬೇಕು, ಅದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.