ಬಾನೆಟ್ ತೆರೆಯದ ಪುಟ್ಟ ಕಾರು

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ಊರಲ್ಲಿ. ಕಾರಿನ ಬಿಡಿಭಾಗಗಳ ಡಿಸೈನ್ ನನ್ನ ಕೆಲಸ. ಮೂರು ವರ್ಷದ ಹಿಂದೆ ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಒಂದು ಶೂ ಡಬ್ಬ ಸಿಕ್ಕಿತು. ಒಳಗೆ ಎರಡು ಪ್ಲಾಸ್ಟಿಕ್ ಕಾರು. ಎರಡೂ ಫೋರ್ಡ್, ಎರಡೂ ಹೆಚ್ಚುಕಡಿಮೆ ಗೇಣುದ್ದ. 1955ರ ಮಾದರಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. 1959ರ ಗ್ಯಾಲಕ್ಸಿಗೆ ಯಾರೋ ಬ್ರಷ್ಷಿನಲ್ಲಿ ಕಪ್ಪು ಬಣ್ಣ ಮೆತ್ತಿದ್ದರು. ಗಾಜಿನ ಮೇಲೆಲ್ಲ ಅಂಟು ಹತ್ತಿದ ಬೆರಳಿನ ಗುರುತು.

ಮಾರುತ್ತಿದ್ದ ಅಜ್ಜಿ ಆ ಸೊಟ್ಟ ಕಾರನ್ನು ಎತ್ತಿ ತೋರಿಸಿದರು. "ಇದು ಅಂಗಡಿಯಲ್ಲಿ ಕೊಂಡಿದ್ದಲ್ಲ. ನಮ್ಮಪ್ಪ ಹೊಸ ಕಾರು ತಗೊಂಡಾಗ ಶೋರೂಮಿನವರು ನನ್ನ ತಮ್ಮನ ಕೈಗೆ ಕೊಟ್ಟಿದ್ದು" ಅಂದರು. ಕಪ್ಪು ಕಾರು ಅದೇ ತಮ್ಮ ಆಮೇಲೆ ಕೂತು ಜೋಡಿಸಿದ್ದಂತೆ.

ಈ ಎರಡಕ್ಕೂ ಇರುವ ನಂಟು ಗೊತ್ತಾದ ಮೇಲೆಯೇ ನಾನು ಕಪ್ಪು ಕಾರನ್ನು ಮೊದಲಿನಂತೆ ಮಾಡುವ ಕೆಲಸಕ್ಕೆ ಕೈ ಹಾಕಿದ್ದು. ಎಎಂಟಿ ಎಂಬ ಕಂಪನಿ ಶುರುವಾಗಿದ್ದು 1948ರಲ್ಲಿ. ಪೂರ್ತಿ ಹೆಸರು ಅಲ್ಯೂಮಿನಿಯಮ್ ಮಾಡೆಲ್ ಟಾಯ್ಸ್. ವೆಸ್ಟ್ ಗ್ಯಾಲೋಗ್ಲಿ ಎಂಬವರು ಮೊದಲು ಅಲ್ಯೂಮಿನಿಯಮ್‌ನಲ್ಲಿ ಫೋರ್ಡ್ ಸೆಡಾನ್ ಎರಕ ಹೊಯ್ಸಿ, ಫೋರ್ಡ್‌ನದೇ ಬಣ್ಣ ಹೊಡೆಸಿದರು. ಬೇಗನೆ ಪ್ಲಾಸ್ಟಿಕ್‌ಗೆ ಹೊರಳಿದರು. ನಾನು ದಿನಾ ಓಡಾಡುವ ಈ ಟ್ರಾಯ್‌ನಲ್ಲೇ ಮುಂದೆ ಆ ಕಂಪನಿ ನೆಲೆ ನಿಂತಿತ್ತು ಅಂತ ತಿಳಿದಾಗ ರೋಮಾಂಚನವಾಯಿತು. ಡೆಟ್ರಾಯಿಟ್‌ನ ಜೋ-ಹ್ಯಾನ್ ಕೂಡ ಇದೇ ಕೆಲಸ ಮಾಡುತ್ತಿತ್ತು. ಪ್ರತಿ ವರ್ಷ ಹೊಸ ಕಾರು ಬಂದಾಗ ಅದರ 1:25 ಅಳತೆಯ ಪಡಿಯಚ್ಚು ಡೀಲರುಗಳ ಕೈ ಸೇರುತ್ತಿತ್ತು. ಇವಕ್ಕೆ 'ಪ್ರೋಮೋ' ಅಂತ ಹೆಸರು. ಅಪ್ಪ ಅಮ್ಮ ಕಾರು ನೋಡುತ್ತಿದ್ದರೆ ಮಗುವಿನ ಕೈಯಲ್ಲಿ ಪ್ರೋಮೋ. ಬಣ್ಣವೂ ನಿಜವಾದ ಕಾರಿನದೇ, ಹಾಗಾಗಿ ಗಿರಾಕಿಗೆ ಬಣ್ಣ ತೋರಿಸುವುದಕ್ಕೂ ಆಗುತ್ತಿತ್ತು.

1958ರಲ್ಲಿ ಎಎಂಟಿಯವರು ಇದೇ ಬಾಡಿಯನ್ನು ಜೋಡಿಸದೆ ಡಬ್ಬಕ್ಕೆ ಹಾಕಿ ಮಾರತೊಡಗಿದರು. ಒಂದೇ ಕಿಟ್‌ನಿಂದ ಶೋರೂಮ್ ಕಾರು, ಅಲಂಕಾರದ ಕಾರು, ರೇಸ್ ಕಾರು, ಮೂರರಲ್ಲಿ ಯಾವುದನ್ನಾದರೂ ಮಾಡಬಹುದಿತ್ತು. ಅಂದರೆ ನನ್ನ ಗ್ಯಾಲಕ್ಸಿ ಬಿಚ್ಚಿಟ್ಟ ಪ್ರೋಮೋ. ಅದಕ್ಕೇ ಅದರಲ್ಲಿ ಎಂಜಿನ್ ಇಲ್ಲ, ಬಾನೆಟ್ ತೆರೆಯುವುದಿಲ್ಲ. ಕೆಳಗಿನ ಚಪ್ಪಟೆ ತಟ್ಟೆ ಸ್ಕ್ರೂನಿಂದ ಬಾಡಿಗೆ ಕೂರುತ್ತದೆ. ಬಾನೆಟ್ ಕೊಯ್ದು ಬೇರೆ ಕಿಟ್‌ನ ಎಂಜಿನ್ ಕೂರಿಸು ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅಚ್ಚಿನ ವಿಷಯ ನನಗೆ ಗೊತ್ತು. ಇಂಥ ಕಾರಿನ ಉಕ್ಕಿನ ಅಚ್ಚನ್ನೇ ಎಷ್ಟೋ ಸಲ ಮುಂದಿನ ವರ್ಷದ ಮಾದರಿಗೆ ತಕ್ಕಂತೆ ತಿದ್ದಿಬಿಡುತ್ತಿದ್ದರು. ತಿದ್ದಿದ ಮೇಲೆ ಹಳೆಯದು ಮತ್ತೆ ಹುಟ್ಟುವುದಿಲ್ಲ. ಉಳಿದದ್ದನ್ನು ಕೊಯ್ಯಬಾರದು ಅಲ್ವಾ?

ಮೊದಲು ಬಿಚ್ಚಬೇಕು. ಆ ಹುಡುಗ ಸ್ಕ್ರೂ ಬಿಟ್ಟು ಎಲ್ಲವನ್ನೂ ಅಂಟಿಸಿದ್ದ. ಚಾಕು ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕಾರನ್ನು ಕವರಿನಲ್ಲಿ ಸುತ್ತಿ, ಫ್ರೀಜರ್‌ನಲ್ಲಿ ಕರಿಬೇವಿನ ಪೊಟ್ಟಣದ ಪಕ್ಕ ಒಂದು ರಾತ್ರಿ ಇಟ್ಟೆ. ಟ್ಯೂಬ್ ಅಂಟು ಹಳೆಯದಾದಷ್ಟೂ ಚಳಿಗೆ ಗರಿಗರಿಯಾಗುತ್ತದೆ. ಬೆಳಿಗ್ಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬಂಪರ್ ಟಿಕ್ ಅಂತ ಬಿಟ್ಟುಕೊಂಡಿತು. ತಳದ ತಟ್ಟೆಗೆ ಮಾತ್ರ ಮೂರು ರಾತ್ರಿ ಬೇಕಾಯಿತು.

ಬಂಪರ್, ಗ್ರಿಲ್ ಎಲ್ಲ ತೆಗೆದಿಟ್ಟ ಮೇಲೆಯೇ ಬಾಡಿಯನ್ನು ಜಿಡ್ಡು ತೆಗೆಯುವ ನೇರಳೆ ಬಣ್ಣದ ಡಿಗ್ರೀಸರ್‌ನಲ್ಲಿ ಮುಳುಗಿಸಿ. ಅದು ಬಣ್ಣದ ಜೊತೆ ಕ್ರೋಮನ್ನೂ ತಿಂದುಹಾಕುತ್ತದೆ. ಕೈಗವಸು ಬೇಕೇ ಬೇಕು. ಎರಡು ದಿನ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಕಪ್ಪು ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಒಂದೊಂದು ಗೆರೆಯೂ ಚೂಪಾಗಿ.

ಸೊಟ್ಟ ಕಾರಿಗೆ ಮಾತ್ರ ಈ ಯಾವುದನ್ನೂ ಮಾಡಬೇಡಿ. ಅದು ಅಸಿಟೇಟ್ ಎಂಬ ಬೇರೆ ಪ್ಲಾಸ್ಟಿಕ್, ಗ್ಯಾಲಕ್ಸಿಯ ಹಾಗೆ ಪಾಲಿಸ್ಟೈರೀನ್ ಅಲ್ಲ. 1950ರ ದಶಕದ ಪ್ರೋಮೋಗಳು ಹೆಚ್ಚಾಗಿ ಇದರವೇ. ವರ್ಷ ಕಳೆದಂತೆ ತಾನಾಗೇ ಕುಗ್ಗಿ ಬಾಗುತ್ತದೆ. ಅದರ ಟಾಪಿನ ಒಳಗಡೆ ಒಂದು ಕಲೆ ತೆಗೆಯೋಣ ಅಂತ ಅಸಿಟೋನ್ ಹಚ್ಚಿದ ಹತ್ತಿ ಒತ್ತಿದೆ. ಆ ಜಾಗ ಕರಗಿ ಬೆರಳಚ್ಚು ಮೂಡಿತು. ಇವತ್ತಿಗೂ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಬಣ್ಣಕ್ಕೆ 1959ರ ಫೋರ್ಡ್ ಬಣ್ಣಗಳ ಪಟ್ಟಿಯಿಂದ ಇಂಡಿಯನ್ ಟರ್ಕ್ವಾಯ್ಸ್ ಆರಿಸಿದೆ, ಟಾಪಿಗೆ ಕೊಲೋನಿಯಲ್ ವೈಟ್. ಬಾಡಿ ಮೇಲಿನ ಅಕ್ಷರಗಳು ಅಕ್ಕಿಕಾಳಿಗಿಂತ ಚಿಕ್ಕವು. ಅವಕ್ಕೆ ಬೆಳ್ಳಿ ಬಣ್ಣ ಹಚ್ಚಲು ಯಾವ ಬ್ರಷ್ಷೂ ಸಾಲದು. ಪ್ರೈಮರ್ ಆದ ಮೇಲೆ, ಬಣ್ಣ ಹೊಡೆಯುವ ಮುಂಚೆ, ಆ ಅಕ್ಷರಗಳ ಮೇಲೆ ಬೇರ್-ಮೆಟಲ್ ಫಾಯಿಲ್ ತುಂಡು ಅಂಟಿಸಿದೆ. ಅದು ಹಿಂದೆ ಅಂಟಿರುವ, ತುಂಬ ತೆಳುವಾದ ಲೋಹದ ಹಾಳೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒತ್ತಿ ಒತ್ತಿ ಕೂರಿಸಿ, ಅಕ್ಷರದ ಸುತ್ತ ಹೊಸ ಬ್ಲೇಡಿನಿಂದ ಕತ್ತರಿಸಿದೆ. ಆಮೇಲೆ ಬಣ್ಣ, ತೆಳುವಾಗಿ, ನಾಲ್ಕು ಸಲ. ಒಣಗಿದ ಮೇಲೆ ಥಿನ್ನರ್ ಒಂಚೂರು ತಾಗಿಸಿದ ಟೂತ್‌ಪಿಕ್ ತಗೊಂಡು ಅಕ್ಷರದ ತುದಿಯನ್ನಷ್ಟೇ ಸವರಿದೆ. ಹಸಿರು-ನೀಲಿ ಸರಿದು ಒಳಗಿನ ಬೆಳ್ಳಿ ಹೊಳೆಯಿತು. ಉಸಿರು ಬಿಗಿಹಿಡಿದು ಮಾಡಿದ ಕೆಲಸ. ನನಗೆ ಅತಿ ಜಾಸ್ತಿ ಖುಷಿ ಕೊಟ್ಟ ಘಳಿಗೆ ಅದು.

ಗಾಜನ್ನು ನೀರು ಹಾಕಿ ನುಣುಪು ಉಜ್ಜುಕಾಗದದಿಂದ ತಿಕ್ಕಿದೆ. ಬೆರಳಿನ ಗುರುತು ಬಹುಪಾಲು ಹೋಯಿತು. ಒಂದು ಮೂಲೆಯಲ್ಲಿ ಉಳಿದದ್ದು ಹಾಗೇ ಇದೆ.

ಕೊನೆಗೆ ತಳ ಕೂರಿಸುವಾಗ ಮಗಳು ಪಕ್ಕ ಬಂದು ನಿಂತಳು. "ಅಪ್ಪ, ತಳದ ಈ ಸ್ಕ್ರೂ ತೂತುಗಳನ್ನ ಪುಟ್ಟಿ ಹಾಕಿ ಮುಚ್ಚಲ್ವಾ? ಚೆಂದ ಕಾಣಲ್ಲ" ಅಂದಳು. ಪಕ್ಕದಲ್ಲಿದ್ದ ಸೊಟ್ಟ ಕಾರನ್ನು ತಿರುಗಿಸಿ ಅದರ ಸ್ಕ್ರೂಗಳನ್ನು ತೋರಿಸಿದೆ. ಎರಡನ್ನೂ ಸ್ವಲ್ಪ ಹೊತ್ತು ನೋಡಿ, ಪೆಟ್ಟಿಗೆಯಿಂದ ಸರಿಯಾದ ಅಳತೆಯ ಸ್ಕ್ರೂ ಅವಳೇ ಹುಡುಕಿ ತಂದಳು. ನಾನು ಬಾಡಿ ಹಿಡಿದುಕೊಂಡೆ, ಅವಳು ತಿರುಗಿಸಿದಳು.