ಟ್ರೇಲರ್ ದೋಣಿ ಆರಿಸಿದ ನನ್ನ ಅನುಭವ: ಗಡಿಯಾರ, ತೂಕದ ಚೀಟಿ, ಒಂದು ರಾತ್ರಿಯ ನಿದ್ದೆ

ಟ್ರೇಲರ್ ಮೇಲೆ ಎಳೆದುಕೊಂಡು ಹೋಗುವ ಹಾಯಿದೋಣಿಗೆ ಮೊದಲ ಪರೀಕ್ಷೆ, ಅದನ್ನು ನೀರಿಗೆ ಇಳಿಸುವ ಇಳಿಜಾರಿನಲ್ಲಿ, ಅಂದರೆ ರ‍್ಯಾಂಪ್ ಮೇಲೆ ನಡೆಯಬೇಕು. ಕಾರು ನಿಲ್ಲಿಸಿದ ಕ್ಷಣದಿಂದ ಹಾಯಿ ಏರುವವರೆಗೆ ಒಬ್ಬನೇ ಮಾಡಿದರೆ ಎಷ್ಟು ಹೊತ್ತು? ನೀರಿನ ಮೇಲೆ ಅದು ಎಷ್ಟು ಓಡುತ್ತದೆ ಅನ್ನೋದು ಆಮೇಲಿನ ಮಾತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನನ್ನ ಜೊತೆ ಸೈಲಿಂಗ್ ಮಾಡುವವರೆಲ್ಲ ಈ ಮಾತು ಕೇಳಿ ನಕ್ಕಿದ್ದರು. ಮರ್ಚೆಂಟ್ ನೇವಿಯಲ್ಲಿದ್ದ ಕಾರವಾರದ ಹಿರಿಯ ಗೆಳೆಯರಂತೂ, "ಅಲ್ಲ ಮಾರಾಯ, ನೀನು ದೋಣಿ ತಗೊಳ್ತೀಯೋ, ಓಟದ ಪಂದ್ಯ ನಡೆಸ್ತೀಯೋ?" ಅಂದರು. ಈಗ ಅವರ ದೊಡ್ಡ ದೋಣಿ ತಿಂಗಳು ತಿಂಗಳು ಬಾಡಿಗೆ ತಿನ್ನುತ್ತಾ ಮರೀನಾದಲ್ಲಿ ಕಟ್ಟಿಹಾಕಿದಲ್ಲೇ ಇದೆ. ನಂದು ವಾರ ಬಿಟ್ಟು ವಾರ ನೀರಿಗೆ ಇಳಿಯುತ್ತಿದೆ.

ನನಗೆ ಬೇಕಿದ್ದದ್ದು ಇಷ್ಟು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಒಂದು ದಿನದ ಓಡಾಟ. ಆಗೀಗ ವಾರಾಂತ್ಯದಲ್ಲಿ ದೋಣಿಯಲ್ಲೇ ಒಂದು ರಾತ್ರಿ. ಬೇಸಿಗೆಯಲ್ಲಿ ಸಿಯೆರಾ ಬೆಟ್ಟದ ಕೆರೆಗಳು. ಎಳೆಯಲು 3,500 ಪೌಂಡ್ ತಾಳುವ ಮಾಮೂಲಿ ಎಸ್‌ಯುವಿ. ಮತ್ತೆ ಅದು ಓಡಬೇಕು, ಸುಮ್ನೆ ತೇಲಿದರೆ ಸಾಲದು.

ಕೆಲವು ಮಾದರಿಗಳನ್ನು ಬೇಗ ಕೈಬಿಟ್ಟೆ. ಕ್ಯಾಟಲಿನಾ 22 ಎಲ್ಲ ಕಡೆ ಸಿಗುತ್ತದೆ, ಅಗ್ಗ, ಒಳಗೆ ಜಾಗವೂ ಇದೆ, ಆದರೆ ಓಡುವ ದೋಣಿ ಅಲ್ಲ. ಮೂರ್ 24 ಮೇಲೆ ಮನಸ್ಸು ಬಿದ್ದಿತ್ತು. ಸಾಂತಾ ಕ್ರೂಜ್‌ನಲ್ಲಿ ಹುಟ್ಟಿದ, ಹವಾಯಿವರೆಗೂ ಹೋಗಿ ಬಂದಿರುವ ಗಟ್ಟಿ ದೋಣಿ. ಆದರೆ ಅದರ ಕೀಲ್ (ತಳದಿಂದ ಕೆಳಗೆ ಇಳಿಯುವ ಭಾರದ ರೆಕ್ಕೆ) ಮೇಲೇಳುವುದಿಲ್ಲ, ನಾಲ್ಕಡಿ ಕೆಳಗೆ ಇಳಿದೇ ಇರುತ್ತದೆ. ಕ್ರೇನ್ ಇಲ್ಲದ ಕಡೆ ಇಳಿಸೋದು ದೊಡ್ಡ ಪಾಡು. ಜೆ/70 ನನ್ನ ಬಜೆಟ್‌ನಲ್ಲಿ ಇರಲಿಲ್ಲ. ವೈಪರ್ 640ರಲ್ಲಿ ಮಲಗಲು ಜಾಗವೇ ಇಲ್ಲ. ಉಳಿದದ್ದು ಜಿಮ್ ಆಂಟ್ರಿಮ್ ವಿನ್ಯಾಸದ ಅಲ್ಟಿಮೇಟ್ 20. ಉದ್ದ ಸುಮಾರು 21 ಅಡಿ, ತೂಕ 1,260 ಪೌಂಡ್, ಮೇಲೆತ್ತುವ ಕೀಲ್, ಒಳಕ್ಕೆ ಎಳೆದುಕೊಳ್ಳುವ ಬೌಸ್ಪ್ರಿಟ್ (ಮೂತಿಯಿಂದ ಮುಂದೆ ಚಾಚುವ ಕೋಲು). ಅಗಲ ಎಂಟೂವರೆ ಅಡಿ. ರಸ್ತೆಯಲ್ಲಿ ಪರ್ಮಿಟ್ ಇಲ್ಲದೆ ಎಳೆಯಲು ಬಿಡುವುದೂ ಅಷ್ಟೇ ಅಗಲವನ್ನು.

ಮಾದರಿ ಗೊತ್ತಾದರೆ ಮುಗಿಯಿತು ಅಂದುಕೊಳ್ಳಬೇಡಿ. ಹಳೆಯ ದೋಣಿ ಒಂದೊಂದೂ ಒಂದೊಂದು ಥರ. ಮಾರುವವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಲಾರಿಗಳನ್ನು ತೂಗುವ ಕ್ಯಾಟ್ ಸ್ಕೇಲ್‌ಗೆ ಬರ್ತೀರಾ? ಅರ್ಧ ಜನ ಅಲ್ಲೇ ಫೋನ್ ಇಟ್ಟರು. ಬಂದವರ ಜೊತೆ ಕಾರು ಸಮೇತ ಒಮ್ಮೆ, ಬರೀ ಕಾರು ಇನ್ನೊಮ್ಮೆ ತೂಗಿಸಿ ಕಳೆಯೋದು. ಆ ತಕ್ಕಡಿ 20 ಪೌಂಡ್‌ಗಳ ಲೆಕ್ಕದಲ್ಲಿ ತೋರಿಸುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಎರಡೂ ಸೇರಿ 20 ಡಾಲರ್ ಚಿಲ್ಲರೆ. ಒಬ್ಬರ ಹತ್ತಿರ 20 ಅಡಿಯ ಬೇರೊಂದು ಮಾದರಿ ಇತ್ತು. ಟ್ರೇಲರ್ ಸೇರಿ 2,000 ಪೌಂಡ್ ಬರಬೇಕಿತ್ತು, 2,500ರ ಹತ್ತಿರ ಬಂತು. ಒಳಗಿನ ಸಾಮಾನೆಲ್ಲ ಇಳಿಸಿದ ಮೇಲೂ ಮುನ್ನೂರು ಜಾಸ್ತಿ. ಡೆಕ್ (ದೋಣಿಯ ಮೇಲ್ಮೈ) ಒಳಗಿನ ಬಾಲ್ಸಾ ಮರದ ತಿರುಳು, ಕೂತು ದೋಣಿ ನಡೆಸುವ ಕಾಕ್‌ಪಿಟ್ ಕೆಳಗಿನ ಫೋಮ್ ಎರಡೂ ನೀರು ಕುಡಿದಿದ್ದವು. ಮೇಲೆ ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು.

ತೇವ ಅಳೆಯುವ ಮೀಟರ್ ಕೂಡ ತಂದಿದ್ದೆ, ಸುಮಾರು 150 ಡಾಲರ್. ದುಡ್ಡು ದಂಡ. ತಳಕ್ಕೆ ತಾಮ್ರ ಬೆರೆಸಿದ ಬಣ್ಣ ಹೊಡೆದಿದ್ದರೆ ಎಲ್ಲಿ ಇಟ್ಟರೂ ಕೆಂಪು ತೋರಿಸುತ್ತದೆ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ ತಟ್ಟುತ್ತಾ ಹೋಗುವುದೇ ವಾಸಿ. 'ಟಣ್' ಅಂದರೆ ಸರಿ, 'ಬದ್' ಅಂದರೆ ಅಲ್ಲಿ ತಿರುಳು ಸತ್ತಿದೆ.

ಕೊನೆಗೆ ಸಿಕ್ಕ ಅಲ್ಟಿಮೇಟ್‌ಗೆ ಕೇಳಿದ್ದು 11,000 ಡಾಲರ್. ಟ್ರೇಲರ್ ಸೇರಿ ತೂಕ 2,200 ಪೌಂಡ್ ಆಚೀಚೆ ಬಂತು, ನಾನು ಅಂದುಕೊಂಡಷ್ಟೇ. ಟೈರ್‌ಗಳ ಗೋಡೆ ಹೊಸದರಂತೆ ಕಪ್ಪಗಿತ್ತು. ಬಗ್ಗಿ ಅದರ ಮೇಲಿನ ನಾಲ್ಕಂಕಿ ಓದಿದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ತಯಾರಾಗಿ ಹನ್ನೊಂದು ವರ್ಷ ಆಗಿತ್ತು. ಅಲ್ಲೇ 500 ಇಳಿಯಿತು. ಆಮೇಲೆ ಕೀಲ್ ಅನ್ನು ಟ್ರೇಲರ್‌ಗೆ ತಾಗದ ಹಾಗೆ ತೂಗುಬಿಟ್ಟು, ಕೆಳತುದಿ ಹಿಡಿದು ಅಡ್ಡಕ್ಕೆ ತಳ್ಳಿದೆ. ಟಕ್, ಟಕ್. ಕೀಲ್ ಕೂರುವ ಗೂಡಿನೊಳಗೆ ಎರಡು ಮಿಲಿಮೀಟರ್ ಸಡಿಲ ಇದ್ದರೂ ತುದಿಯಲ್ಲಿ ಬೆರಳಗಲ ಆಡುತ್ತದೆ. ಮಾರುವವರ ಮುಖ ಸಣ್ಣಗಾಯಿತು. ಇನ್ನೊಂದು ಸಾವಿರ ಇಳಿಸಿದರು. ಆ ಸಡಿಲಕ್ಕೆ ನಾನು ಏನು ತುಂಬಿದೆ ಅಂತ ಇಲ್ಲಿ ಬರೆಯಲ್ಲ. ಖರ್ಚು ಮಾತ್ರ 40 ಡಾಲರ್ ದಾಟಲಿಲ್ಲ, ಇವತ್ತಿನವರೆಗೂ ಸದ್ದಿಲ್ಲ.

ಇನ್ನು ಗಡಿಯಾರ. ಬೇರೆ ದೋಣಿಯೊಂದಕ್ಕೆ ಅದರ ಮಾಲೀಕರೇ ಕೈಹಾಕಿದರೂ ಒಂದು ಗಂಟೆ ನಲವತ್ತು ನಿಮಿಷ ಹಿಡಿದಿತ್ತು. ಅಷ್ಟು ಹೊತ್ತಾದರೆ ಕೆಲಸ ಮುಗಿಸಿ ಸಂಜೆ ಹೊರಡುವ ಆಸೆ ಬಿಟ್ಟಹಾಗೇ. ಅಲ್ಟಿಮೇಟ್‌ಗೆ ಮೊದಲ ಸಲ 70 ನಿಮಿಷ. ಮಾಸ್ಟ್, ಅಂದರೆ ಹಾಯಿಯ ಕಂಬ, ಅರ್ಧ ಎದ್ದಾಗ ಅದನ್ನು ಎರಡು ಬದಿಯಿಂದ ಹಿಡಿಯುವ ತಂತಿಗಳು (ಶ್ರೌಡ್) ಸಡಿಲವಾಗಿರುತ್ತವೆ, ಅದು ಒಂದು ಬದಿಗೆ ಹೊರಳಲು ನೋಡುತ್ತದೆ. ಒಬ್ಬನೇ ಇದ್ದರೆ ಜೀವ ಬಾಯಿಗೆ ಬರುತ್ತದೆ. ಮಾಸ್ಟ್ ಎತ್ತಲು ಸನ್ನೆಯಂತೆ ಬಳಸುವ ಜಿನ್ ಪೋಲ್ ಜೊತೆಗೆ ಎರಡು ಬದಿಗೆ ಬೇಬಿಸ್ಟೇ ಎಂಬ ತಾತ್ಕಾಲಿಕ ಹಗ್ಗಗಳನ್ನು ಕಟ್ಟಿದ ಮೇಲೆ ಈ ಕಾಟ ತಪ್ಪಿತು. ಅವುಗಳ ರಿಂಗ್ ಮಾಸ್ಟ್ ಬುಡದಷ್ಟೇ ಎತ್ತರದಲ್ಲಿ ಇರಬೇಕು. ಅದನ್ನು ಹೇಗೆ ಹಿಡಿಸಿದ್ದೇನೆ ಅನ್ನೋದನ್ನು ರ‍್ಯಾಂಪ್‌ಗೆ ಬಂದರೆ ತೋರಿಸುತ್ತೇನೆ. ಈಗ 35 ನಿಮಿಷದೊಳಗೆ ನೀರಿನಲ್ಲಿರುತ್ತೇನೆ, ಮಾತಾಡಿಸುವವರು ಬರದಿದ್ದರೆ ಮೂವತ್ತೇ.

ಮಾಸ್ಟ್ ನಿಲ್ಲಿಸಿಯೇ ಇಡುವ ಅಂಗಳ ಬಾಡಿಗೆಗೆ ಸಿಗುತ್ತದಲ್ಲ ಅನ್ನುತ್ತಾರೆ. ಸಿಗುತ್ತದೆ. ಮನೆ ಮುಂದೆ ದೋಣಿ ನಿಲ್ಲಿಸಬೇಡಿ ಅಂತ ನಮ್ಮ ಬಡಾವಣೆಯವರು ಕಾಗದ ಕಳಿಸಿದಾಗ ನಾನೂ ಆ ಲೆಕ್ಕ ಹಾಕಿದೆ. ಆದರೆ ಹಾಗೆ ಇಟ್ಟ ದೋಣಿ ಒಂದೇ ನೀರಿಗೆ ಅಂಟಿಕೊಳ್ಳುತ್ತದೆ. ಮಾಸ್ಟ್ ಮಲಗಿಸಿ ಊರಾಚೆ ಬಯಲಲ್ಲಿ ಇಟ್ಟರೆ ಅರ್ಧ ದುಡ್ಡು ಸಾಕು.

ಇದರ ನಡುವೆ ಸುಮ್ನೆ ಒಂದು ಪ್ರಯೋಗ. ಧಕ್ಕೆಯಲ್ಲಿ ನಿಂತು ಮಾಸ್ಟ್ ತುದಿಯಿಂದ ಬರುವ, ಹಾಯಿ ಏರಿಸುವ ಹಗ್ಗಕ್ಕೆ (ಹ್ಯಾಲ್ಯರ್ಡ್) ಸೂಟ್‌ಕೇಸ್ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಡ್ಡಕ್ಕೆ ಎಳೆದೆ. ಓರೆ ಅಳೆಯಲು ಒಳಗೆ ಫೋನ್ ಇಟ್ಟಿದ್ದೆ. 20 ಡಿಗ್ರಿಗೆ ನಮ್ಮದು 20 ಕೆಜಿಯಷ್ಟು ಕೇಳಿತು, ಪಕ್ಕದವರ ಕಿರಿದಾದ ದೋಣಿ 13, 14. ಅಗಲದ ಗುಣ ಅದು. ಹಾಗಂತ ಪೂರ್ತಿ ಮಗುಚಿದಾಗ ಏನಾಗುತ್ತದೆ ಅಂತ ಈ ಲೆಕ್ಕ ಹೇಳುವುದಿಲ್ಲ. ಕೀಲ್‌ನಲ್ಲಿರುವ ಭಾರ 435 ಪೌಂಡ್ ಅಷ್ಟೇ. ಮಧ್ಯಾಹ್ನದ ಮೇಲೆ 20, 25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಪಡುವಣ ಗಾಳಿ ಎದ್ದು, ಅದಕ್ಕೆ ಎದುರಾಗಿ ಇಳಿತದ ನೀರು ಹರಿದರೆ ಬರ್ಕ್ಲಿ ಎದುರಿನ ತೆರೆದ ನೀರಾದ ಬರ್ಕ್ಲಿ ಸರ್ಕಲ್‌ನಲ್ಲಿ ಅಲೆಗಳು ಗೋಡೆಯಾಗಿ ನಿಲ್ಲುತ್ತವೆ. ಇಬ್ಬರೇ ಇದ್ದಾಗ 15 ನಾಟ್‌ಗೇ ರೀಫ್ ಹಾಕುತ್ತೇನೆ, ಅಂದರೆ ಹಾಯಿಯನ್ನು ಮಡಚಿ ಚಿಕ್ಕದು ಮಾಡುತ್ತೇನೆ. ಗಾಳಿಗೆ ಎದುರು ಹೋಗುವಾಗ ಅಗಲದ ಮೂತಿ ಅಲೆಗೆ ಬಡಿದು ಮೈಯೆಲ್ಲ ಒದ್ದೆ. ಈ ಒಂದು ವಿಷಯದಲ್ಲಿ ಮೂರ್ 24 ಮೇಲು. ಆದರೆ ಗಾಳಿ ಬೆನ್ನಿಗೆ ತಿರುಗಿ ಸ್ಪಿನ್ನೇಕರ್ ಎಂಬ ಬಲೂನಿನಂಥ ಮುಂದಿನ ಹಾಯಿ ಬಿಚ್ಚಿಕೊಂಡಾಗ ಜಿಪಿಎಸ್ 13 ನಾಟ್ ದಾಟಿದ್ದನ್ನು ನಾನು ನೋಡಿದ್ದೇನೆ. ಅವತ್ತು ಕಾರವಾರದವರೂ ಜೊತೆಗಿದ್ದರು. ಮಾತಿರಲಿಲ್ಲ.

ರಾತ್ರಿಯ ಪರೀಕ್ಷೆಯನ್ನು ಪೂರ್ತಿ ದುಡ್ಡು ಕೊಡುವ ಮೊದಲೇ ಮಾಡಿ. ಮುಂಗಡ ಕೊಟ್ಟು, ಮಾರುವವರ ಅಂಗಳದಲ್ಲೇ ಟ್ರೇಲರ್ ಮೇಲೆ ಮಲಗಿದೆವು. ಹೆಂಡತಿ ಒಳಗೆ ತೆವಳಿ, "ರೀ, ಕೆಎಸ್‌ಆರ್‌ಟಿಸಿ ಸ್ಲೀಪರ್‌ನಲ್ಲೇ ಇದಕ್ಕಿಂತ ಜಾಗ ಇತ್ತು ಅಲ್ವಾ?" ಅಂದಳು. ಬೆಳಿಗ್ಗೆ ಮಾತ್ರ ಬೇಡ ಅನ್ನಲಿಲ್ಲ. ಕೂತರೆ ತಲೆ ತಾಗುತ್ತದೆ, ಮಲಗಿದರೆ ಅಡ್ಡಿಯಿಲ್ಲ. ಹಾಸಿಗೆ, ನೀರು, ಬ್ಯಾಗ್ ಎಲ್ಲ ಮಾಸ್ಟ್ ಬುಡದ ಕಡೆ ಇಡಬೇಕು, ಹಿಂದೆ ಪೇರಿಸಿದರೆ ಓಟ ಸತ್ತಂತೆ. ಬ್ಯುಟೇನ್ ಒಲೆ ಕಾಕ್‌ಪಿಟ್‌ನಲ್ಲಿ ಮಾತ್ರ, ಸೋರಿದ ಗ್ಯಾಸ್ ಗಾಳಿಗಿಂತ ಭಾರ, ತಳದಲ್ಲಿ ಹೋಗಿ ಕೂರುತ್ತದೆ. ನಾವು ಕಾಫಿಗಷ್ಟೇ ಒಲೆ ಹಚ್ಚುವುದು. ಊಟಕ್ಕೆ ಗೊಜ್ಜವಲಕ್ಕಿ. ಕೊಲ್ಲಿಯೊಳಗಿನ ಕ್ಲಿಪ್ಪರ್ ಕೋವ್ ಎಂಬ ಚಿಕ್ಕ ಖಾರಿಯ ಆಳವಿಲ್ಲದ ಮೂಲೆಗೆ ಕೀಲ್ ಒಂದಿಷ್ಟು ಎತ್ತಿಕೊಂಡು ಹೋಗಿ ಲಂಗರು ಹಾಕಿದರೆ ದೊಡ್ಡ ದೋಣಿಯವರು ಹತ್ತಿರ ಬರುವುದಿಲ್ಲ.

ಮೋಟರ್ 2.5 ಅಶ್ವಶಕ್ತಿಯದು, 13, 14 ಕೆಜಿ. ಒಂದೇ ಕೈಯಲ್ಲಿ ಎತ್ತಿಡಬಹುದು. ನಿಂತ ನೀರಿನಲ್ಲಿ ನಾಲ್ಕು, ನಾಲ್ಕೂವರೆ ನಾಟ್ ಹೋಗುತ್ತದೆ. ಏಂಜಲ್ ದ್ವೀಪದ ಪಕ್ಕದ ರಕೂನ್ ಜಲಸಂಧಿಯಲ್ಲಿ ಪ್ರವಾಹ ಎದುರಾದರೆ ಅದರ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಅದಕ್ಕೇ ಏಂಜಲ್ ದ್ವೀಪಕ್ಕೆ ಹೊರಡುವ ಮೊದಲು ಉಬ್ಬರವಿಳಿತದ ಪಟ್ಟಿ ನೋಡುವುದು. ಹಂಟಿಂಗ್ಟನ್ ಕೆರೆಯಲ್ಲಿ, ಸುಮಾರು 7,000 ಅಡಿ ಎತ್ತರದಲ್ಲಿ, ಇದೇ ಮೋಟರ್ ಶಕ್ತಿಯ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಗಾಳಿಯೂ ಅಷ್ಟೇ ತೆಳು. ಅಲ್ಲಿನ 12 ನಾಟ್ ಹಾಯಿಗೆ ಕೊಲ್ಲಿಯ 11ರಂತೆ ಹತ್ತುತ್ತದೆ, ಹಾಗಾಗಿ ಅಲ್ಲಿ ರೀಫ್ ತಡವಾಗಿ ಹಾಕುತ್ತೇನೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ. ದೋಣಿ 9,500. ಟೈರ್, ಬೇರಿಂಗ್ 600. ಮಾಸ್ಟ್ ಹಿಡಿಯುವ ತಂತಿಗಳಾದ ಸ್ಟೇ, ಶ್ರೌಡ್ ಬದಲಿಸಿದ್ದು 900. ಹೊಸ ದೊಡ್ಡ ಹಾಯಿ (ಮೈನ್), ಮುಂದಿನ ಹಾಯಿ (ಜಿಬ್) ನಾಲ್ಕು ಸಾವಿರದ ಮೇಲೆ. ಸ್ಪಿನ್ನೇಕರ್ ಹಳೆಯದು, 700ಕ್ಕೆ ಸಿಕ್ಕಿತು. ಹದಿನಾರು ಸಾವಿರದ ಹತ್ತಿರ ಆಯಿತು. ಹಾಯಿಗೆ ಹಾಕಿದ ದುಡ್ಡು ನನಗೆ ಹೊಟ್ಟೆ ಉರಿಸಲಿಲ್ಲ, ಆ ಮೀಟರ್ ಉರಿಸಿತು.

ಬೆಟ್ಟದ ಕೆರೆಗೆ ಹೋಗುವವರಿಗೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ದೋಣಿಗೆ ಅಂಟಿಕೊಂಡು ಬೇರೆ ನೀರಿಗೆ ಹರಡುವ ಗೋಲ್ಡನ್ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಸಿಕ್ಕ ಮೇಲೆ ತಪಾಸಣೆ ಬಿಗಿಯಾಗಿದೆ. ಕೆಲವು ಕೆರೆಗಳಲ್ಲಿ ಸೀಲ್ ಹಾಕಿ 30 ದಿನ ದೋಣಿ ಒಣಗಿಸಿರಬೇಕು. ಜುಲೈನಲ್ಲಿ ಬೆಟ್ಟ ಅಂದರೆ ಮೇ ಕೊನೆಗೇ ಕೊಲ್ಲಿ ಬಿಡಬೇಕು. ಮೇಲೆತ್ತುವ ಕೀಲ್ ಇದ್ದವರು ಅದರ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು ನಿಲ್ಲುವುದು ಅಲ್ಲೇ, ತಪಾಸಣೆಯವರು ಮೊದಲು ಕೈ ಹಾಕುವುದೂ ಅಲ್ಲೇ.