ಅಂಗೈಯಗಲದ ವೆಬ್ ಫ್ರೇಮ್‌ವರ್ಕ್ ಕಟ್ಟುವ ಬಗೆ

ಶಿರಸಿ ಪೇಟೆಯ ಅಡಿಕೆ ದರವನ್ನು ರಾಶಿ, ಚಾಲಿ ಎಂಬ ಅಡಿಕೆ ಬಗೆಗಳಿಗೆ ಒಂದೊಂದು ಪುಟದಂತೆ ತೋರಿಸುವ ಪುಟ್ಟ ಜಾಲತಾಣ ಬೇಕೆಂದುಕೊಳ್ಳಿ. ಇದಕ್ಕೆ ಜಾಂಗೋ, ಫ್ಲಾಸ್ಕ್‌ನಂಥ ಸಿದ್ಧ ಫ್ರೇಮ್‌ವರ್ಕ್, ಅಂದರೆ ಜಾಲತಾಣ ಕಟ್ಟಲು ನೆರವಾಗುವ ಚೌಕಟ್ಟು, ಬೇಕಿಲ್ಲ. ಪೈಥಾನ್ ಬಲ್ಲವರು ಮಳೆಗಾಲದ ಒಂದು ಸಂಜೆಯಲ್ಲಿ ಸ್ವಂತ ಫ್ರೇಮ್‌ವರ್ಕನ್ನೇ ಕಟ್ಟಿಕೊಳ್ಳಬಹುದು. ಅದರ ಸಂತೋಷವೇ ಬೇರೆ.

ಸರ್ವರ್‌ಗೂ ಪೈಥಾನ್ ಪ್ರೋಗ್ರಾಮಿಗೂ ನಡುವಿನ ಒಪ್ಪಂದವನ್ನು ಡಬ್ಲ್ಯೂಎಸ್‌ಜಿಐ ಎನ್ನುತ್ತಾರೆ. 2003ರಲ್ಲಿ ರೂಪುಗೊಂಡ ಇದನ್ನು 2010ರಲ್ಲಿ ಪೈಥಾನ್ 3ಕ್ಕೆ ಹೊಂದುವಂತೆ ಪರಿಷ್ಕರಿಸಲಾಯಿತು. ಅದು ಕೇಳುವುದು ಒಂದು ಫಂಕ್ಷನ್ನನ್ನು ಮಾತ್ರ: ವಿನಂತಿಯ ವಿವರಗಳಿರುವ ಡಿಕ್ಷನರಿಯನ್ನೂ, ಸ್ಟೇಟಸ್ (ಉತ್ತರದ ಸ್ಥಿತಿ ಹೇಳುವ ಸಂಖ್ಯೆ) ಮತ್ತು ಹೆಡರ್‌ಗಳನ್ನು (ಉತ್ತರದ ಕುರಿತ ವಿವರಗಳು) ಒಪ್ಪಿಸಲು ಕರೆಯಬೇಕಾದ ಇನ್ನೊಂದು ಫಂಕ್ಷನ್ನನ್ನೂ ಆ ಫಂಕ್ಷನ್ ಪಡೆದು, ಬೈಟ್‌ಗಳ ಪಟ್ಟಿಯನ್ನು ಮರಳಿಸಬೇಕು. ಪ್ರಯೋಗಕ್ಕೆ ಬೇಕಾದ ಸರ್ವರ್ ಪೈಥಾನಿನ ಜೊತೆಗೇ, ಡಬ್ಲ್ಯೂಎಸ್‌ಜಿಐರೆಫ್ ಎಂಬ ಮಾಡ್ಯೂಲಿನಲ್ಲಿ ಬರುತ್ತದೆ.

ಮೊದಲು ಒಂದು ಕ್ಲಾಸ್ ಬರೆದು, ಅದರಲ್ಲಿ ಖಾಲಿ ಡಿಕ್ಷನರಿ ಇಡಿ. ವಿಳಾಸದ ಹಾದಿ ಅದರ ಕೀ, ಆ ಪುಟ ಬರೆಯುವ ಫಂಕ್ಷನ್ ಅದರ ಮೌಲ್ಯ. ಈ ಜೋಡಿಯನ್ನು ಸೇರಿಸಲು ಒಂದು ಡೆಕೊರೇಟರ್ ಸಾಕು. ವಿನಂತಿ ಬಂದಾಗ ಹಾದಿಯನ್ನು ಡಿಕ್ಷನರಿಯಲ್ಲಿ ಹುಡುಕಿ, ಸಿಕ್ಕ ಫಂಕ್ಷನ್ನನ್ನು ಕರೆಯಿರಿ; ಸಿಗದಿದ್ದರೆ ‘ಪುಟ ಇಲ್ಲ’ ಎನ್ನುವ 404 ಸ್ಟೇಟಸ್ ಕೊಡಿ. ಫ್ರೇಮ್‌ವರ್ಕಿನ ಜೀವ ಇಷ್ಟರಲ್ಲೇ ಇದೆ.

ಕನ್ನಡದವರಿಗೆ ತೊಡಕಾಗುವುದು ಇದರ ಮುಂದೆ. ಹಾದಿಯನ್ನು ‘/ಚಾಲಿ’ ಎಂದು ಕನ್ನಡದಲ್ಲೇ ಇಟ್ಟರೆ ಹುಡುಕಾಟ ವಿಫಲವಾಗುತ್ತದೆ. ಯುಟಿಎಫ್-8, ಲ್ಯಾಟಿನ್-1 ಎರಡೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಗಳು; ಬ್ರೌಸರ್ ಕಳಿಸಿದ ಯುಟಿಎಫ್-8 ಬೈಟ್‌ಗಳನ್ನು ಡಬ್ಲ್ಯೂಎಸ್‌ಜಿಐ ನಿಯಮದಂತೆ ಲ್ಯಾಟಿನ್-1 ಅಕ್ಷರಗಳೆಂದು ಓದಿ ನಮಗೆ ಕೊಡುವುದೇ ಇದಕ್ಕೆ ಕಾರಣ. ಆ ಹಾದಿಯನ್ನು ಲ್ಯಾಟಿನ್-1ರಲ್ಲಿ ಎನ್‌ಕೋಡ್ ಮಾಡಿ ಯುಟಿಎಫ್-8ರಲ್ಲಿ ಡಿಕೋಡ್ ಮಾಡಿದರೆ ‘ಚಾಲಿ’ ಮೊದಲಿನಂತೆ ಸಿಗುತ್ತದೆ.

ಉತ್ತರದ ಉದ್ದವನ್ನು ಹೆಡರ್‌ನಲ್ಲಿ ನೀವೇ ಹೇಳುವುದಾದರೆ ಅಕ್ಷರಗಳನ್ನಲ್ಲ, ಬೈಟ್‌ಗಳನ್ನೇ ಎಣಿಸಿ. ‘ಅಡಿಕೆ’ ಕಣ್ಣಿಗೆ ಮೂರಕ್ಷರ. ಪೈಥಾನಿನ ಎಣಿಕೆಯಲ್ಲಿ ಗುಣಿತ ಚಿಹ್ನೆಗಳೂ ಸೇರಿ 5. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 15 ಬೈಟ್. ಎಣಿಕೆ ಕಡಿಮೆಯಾದರೆ ಪುಟ ನಡುವೆಯೇ ತುಂಡಾಗುತ್ತದೆ. ಹೆಡರ್‌ನಲ್ಲಿ ಯುಟಿಎಫ್-8 ಎಂದು ನಮೂದಿಸುವುದನ್ನೂ, ಬಳಕೆದಾರರು ಬರೆದದ್ದನ್ನು ಎಸ್ಕೇಪ್ ಮಾಡಿಯೇ (ಅದು ಎಚ್‌ಟಿಎಂಎಲ್ ಆಗದೆ ಬರಿಯ ಪಠ್ಯವಾಗಿ ಉಳಿಯುವಂತೆ ಮಾಡಿ) ಪುಟಕ್ಕೆ ಸೇರಿಸುವುದನ್ನೂ ಮರೆಯಬಾರದು.

ಇನ್ನು ಸರ್ವರನ್ನು 8000ನೇ ಪೋರ್ಟಿನಲ್ಲಿ, ನಿಮ್ಮ ಯಂತ್ರಕ್ಕೆ ಮಾತ್ರ ಸಿಗುವಂತೆ ಆರಂಭಿಸಿ. ಹೊರಜಗತ್ತಿಗೆ ತೆರೆದಿಡಲು ಈ ಸರ್ವರ್ ತಕ್ಕದ್ದಲ್ಲ. ಬ್ರೌಸರಿನಲ್ಲಿ ‘/ಚಾಲಿ’ ಎಂದು ಬರೆದಾಗ ದರದ ಪುಟ ಬರಬೇಕು, ಇನ್ನೂ ಸೇರಿಸದ ಮತ್ತೊಂದು ಅಡಿಕೆ ಬಗೆ ‘/ಬೆಟ್ಟೆ’ ಎಂದಾಗ 404 ಬರಬೇಕು.